ಬರ್ಫ ತಿಂದ ಬಾಯಿ

ನೇಸರಗಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಗಡಿಯಾರಗಳಿಗಿಂತ ಹುಂಜಗಳೇ ಹೆಚ್ಚಿದ್ದ ದಿನಗಳವು. ಓಣಿಯಲ್ಲಿ ಮನೆಗೊಂದು ಬುಟ್ಟಿ, ಬುಟ್ಟಿಯ ಕೆಳಗೆ ಕೋಳಿ. ನಮ್ಮ ಮನೆಯ ಕೋಳಿಗಳು ಅಕ್ಕ ರೇಣವ್ವನವು. ತತ್ತಿ ಮಾರಿ ಅವಳು ಬೈಲಹೊಂಗಲದ ಕಾಲೇಜಿಗೆ ಹೋಗುತ್ತಿದ್ದಳು. "ಕೋಳಿ ಇರೂತನಾ ಕಲಿ, ಮುಂದ ನನ್ನ ಕೈಲೆ ಆಗೂದಿಲ್ಲ" ಎಂದು ಅಪ್ಪ ಮೊದಲೇ ಹೇಳಿದ್ದ.

ಆ ಬೇಸಿಗೆ ಪಕ್ಕದ ಊರಿಗೆ ಕೋಳಿಬ್ಯಾನಿ ಬಂತು. ಕೋಳಿಗಳು ಕುತ್ತಿಗೆ ತಿರುಚಿ, ಹಸಿರು ಹಿಕ್ಕೆ ಹಾಕಿ ಸಾಯುತ್ತಿದ್ದವು. ಅಕ್ಕ ಓಣಿಯವರನ್ನೆಲ್ಲ ಒಪ್ಪಿಸಿ, ಬ್ಯಾನಿ ಬಾರದಂತೆ ಕೋಳಿಗಳ ಕಣ್ಣಿಗೆ ಬಿಡುವ ಔಷಧ ತರಲು ನನ್ನನ್ನು ದನದ ದವಾಖಾನೆಗೆ ಕಳಿಸಿದಳು. ಅವಳಿಗೆ ಅಂದು ಪರೀಕ್ಷೆ. ಕಂಪೌಂಡರ್ ಥರ್ಮಾಸಿನಲ್ಲಿ ಬರ್ಫದ ಗಡ್ಡೆ ತುಂಬಿ, ನಡುವೆ ಸೀಸೆ ಇಟ್ಟು ಹೇಳಿದ: "ಎಲ್ಲೂ ನಿಂದರಬ್ಯಾಡವಾ. ಬರ್ಫ ಕರಗಿತಂದ್ರ ಔಷಧ ಸತ್ತಂಗ."

ಜತೆಗೆ ಗೆಳತಿ ಕಸ್ತೂರಿ ಇದ್ದಳು. ಎರೆಮಣ್ಣಿನ ದಾರಿ ಕಾಲು ಸುಡುತ್ತಿತ್ತು. ಬೇವಿನ ಗಿಡದ ಕೆಳಗೆ ಕುಳಿತಾಗ ಅವಳೆಂದಳು, "ಒಂದ ಚೂರ ಕೊಡಲೇ. ನಿಮ್ಮಕ್ಕ ಏನ್ ಎಣಿಸಿ ನೋಡತಾಳನು?"

ಒಂದು ಚೂರು ಎರಡಾಯಿತು. ಹಲ್ಲು ಜುಮ್ಮೆನ್ನುವ ತಂಪು, ಅದರಲ್ಲೊಂದಿಷ್ಟು ದವಾಖಾನೆಯ ವಾಸನೆ. ಗಜ್ಜುಗ ಆಡುತ್ತ ಎಲ್ಲ ತಿಂದುಬಿಟ್ಟೆವು. ಏಳುವಾಗ ಸೀಸೆ ಬೆಚ್ಚಗಾಗಿತ್ತು. ಥರ್ಮಾಸಿಗೆ ಬೋರಿನ ನೀರು ತುಂಬಿಕೊಂಡು ಮನೆಗೆ ಬಂದೆ.

"ಬರ್ಫ ಎಲ್ಲೈತಿ?" ಸಂಜೆ ಅಕ್ಕ ಕೇಳಿದಳು.

"ಈಗ ಕರಗೇತಿ ನೋಡ. ನೀರ ಇನ್ನೂ ತಂಪೈತಿ."

ಬೆರಳಿಟ್ಟು ನೋಡಿ ನಂಬಿದಳು. ಮನೆಮನೆಗೆ ಹೋಗಿ ಕೋಳಿಗಳ ಕಣ್ಣಿಗೆ ಹನಿ ಬಿಟ್ಟಳು. ರೆಕ್ಕೆ ಹಿಡಿದವಳು ನಾನು. ಎದುರುಮನೆಯ ನೀಲವ್ವಾಯಿ, "ಹಂಗ ಕಾಡಿಗಿನೂ ಹಚ್ಚಿಬಿಡವಾ, ಮದಲಗಿತ್ತಿ ಆಗಲಿ" ಎಂದು ಎಲ್ಲರನ್ನೂ ನಗಿಸಿದಳು.

ಕೆಲವೇ ದಿನಗಳಲ್ಲಿ ಬ್ಯಾನಿ ನಮ್ಮ ಓಣಿಗೂ ಬಂತು. ತೂಕಡಿಸತೊಡಗಿದ ಕೋಳಿಗಳನ್ನು ಸಾಯುವ ಮೊದಲೇ ಕೊಯ್ದರು. ಹಬ್ಬವಿಲ್ಲದೆ ಓಣಿಯೆಲ್ಲ ಮಸಾಲೆಯ ವಾಸನೆ. ಆಮೇಲೆ ಕೊಯ್ಯಲೂ ಮನಸ್ಸಾಗದೆ ಹಳ್ಳದ ದಂಡೆಯಲ್ಲಿ ಹೂಳಿದರು. ನಮ್ಮವು ಒಂದೂ ಉಳಿಯಲಿಲ್ಲ.

ನೀಲವ್ವಾಯಿ ಖಾಲಿ ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದಳು. "ಔಷಧ ಏನ್ ಮಾಡೀತು? ಹಾಕಿದಾಕಿ ಕೈಗುಣ ಚಲೋ ಇರಬೇಕು."

ಅಕ್ಕ ತನ್ನ ಅಂಗೈ ನೋಡಿಕೊಂಡಳು. ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಕಾಲೇಜು ನಿಂತಿತು. ಅಕ್ಕ ಕಳೆ ತೆಗೆಯಲು ಹೋಗತೊಡಗಿದಳು. ಬ್ಯಾನಿ ಮೊದಲೇ ಒಳಹೊಕ್ಕಿದ್ದರೆ ಒಳ್ಳೆಯ ಔಷಧವೂ ನಾಟುವುದಿಲ್ಲ ಎಂದು ಮುಂದೊಮ್ಮೆ ಒಬ್ಬ ಡಾಕ್ಟರು ಹೇಳಿದರು. ಅದನ್ನೇ ಹಿಡಿದುಕೊಂಡು ಬದುಕಿದ್ದೇನೆ. ಅಕ್ಕನಿಗೆ ಮಾತ್ರ ಅದನ್ನು ಹೇಳಿಲ್ಲ. ಹೇಳಿದರೆ ಬರ್ಫದ ಮಾತನ್ನೂ ಹೇಳಬೇಕಾಗುತ್ತದೆ.

ಈಗ ಓಣಿಯಲ್ಲಿ ಬುಟ್ಟಿಗಳಿಲ್ಲ, ಕೋಳಿ ಬೇಕಾದವರು ಅಂಗಡಿಯಿಂದ ತರುತ್ತಾರೆ. ಕಳೆದದ್ದು ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಕ್ಕ ಬಿತ್ತುವ ಬೀಜ ಮುಟ್ಟುವುದಿಲ್ಲ, ಹಾಲಿಗೆ ಹೆಪ್ಪು ಹಾಕುವುದಿಲ್ಲ. ನನ್ನ ಮಗಳಿಗೆ ಹೆಸರಿಡುವ ದಿನ, "ತೊಟ್ಟಿಲಿಗೆ ನೀನಽ ಹಾಕಬೇಕು" ಎಂದು ಕೂಸನ್ನು ಅವಳತ್ತ ಚಾಚಿದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಬ್ಯಾಡವಾ, ಬ್ಯಾರೆದಾರ ಕೈಲೆ ಹಾಕಸು. ನನ್ನ ಕೈ ಎಂಥಾದು ಅಂತ ನಿನಗ ಗೊತ್ತೈತೆಲ್ಲಾ?"

ಗೊತ್ತಿತ್ತು. ಕೂಸನ್ನು ಬೇರೆಯವರ ಕೈಗೆ ಕೊಟ್ಟೆ.