ಉಸ್ತಾದ್ ಮುನಿವೆಂಕಟಪ್ಪ ಮತ್ತು ಜೋರು ಗುಂಡು

ಯಾರೇ ರಿವಾಲ್ವರ್ ತಂದು ಕೈಗಿಡಲಿ, ಮುನಿವೆಂಕಟಪ್ಪನವರು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಗುಂಡು ತುಂಬುವ ಉರುಳೆಯನ್ನು ತೆರೆದು, ಅದರ ಆರೂ ತೂತುಗಳಿಗೆ ಒಂದಾದ ಮೇಲೊಂದರಂತೆ ಕಿರುಬೆರಳು ತೂರಿಸುವರು. ಖಾಲಿಯಿದೆ ಎಂದು ಗೊತ್ತಿದ್ದರೂ ಅಷ್ಟೆ. ಐದು ನಿಮಿಷದ ಹಿಂದೆ ತಾವೇ ಖಾಲಿ ಮಾಡಿ ಮೇಜಿನ ಮೇಲಿಟ್ಟದ್ದಾದರೂ ಅಷ್ಟೆ. ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡು, ಬಿಳಿ ಪಂಚೆಯುಟ್ಟು ಬಂದಾಗಲೂ ಆ ಕಿರುಬೆರಳಿನ ತುದಿ ಮಾತ್ರ ಕಪ್ಪಗೇ ಇರುತ್ತಿತ್ತು.

"ಅದೇನು ನಿಮಗೆ ಅಷ್ಟು ಅನುಮಾನ?" ಎಂದು ಒಮ್ಮೆ ಕೇಳಿದ್ದೆ.

"ಅನುಮಾನ ಅಲ್ಲ ಅಮ್ಮಣ್ಣಿ, ಮರ್ಯಾದೆ. ಯಾರ ಮನೇಗಾದ್ರೂ ಓದ್ರೆ ಬಾಗ್ಲು ತಟ್ಟಲ್ವಾ ನೀವು? ಅಂಗೆ."

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ವೈಟ್‌ಫೀಲ್ಡ್ ರಸ್ತೆಯ ಒಂದು ಸರ್ಕಾರಿ ಕಾರ್ಖಾನೆಯ ಭದ್ರತಾ ವಿಭಾಗದಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ನನ್ನ ಮೇಜಿಗೂ ಅವರ ಬಂದೂಕಿನ ಕೋಣೆಗೂ ನಡುವೆ ಒಂದು ತಂತಿಬಲೆ, ಅಷ್ಟೆ. ಸೈನ್ಯದಲ್ಲಿ ಬಂದೂಕು ದುರಸ್ತಿ ಮಾಡುವ ಆರ್ಮರರ್ ಆಗಿದ್ದು, ನಿವೃತ್ತಿಯಾಗಿ ಬಂದು ನಮ್ಮಲ್ಲಿ ಸೇರಿಕೊಂಡವರು. ಗಾರ್ಡುಗಳೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಪಟ್ಟಂದೂರು ಅಗ್ರಹಾರದಿಂದ ಸೈಕಲ್ಲಿನಲ್ಲಿ ಬರುವರು. ಅವರೆಕಾಯಿ ಕಾಲದಲ್ಲಿ ಹಿಂದಿನ ಕ್ಯಾರಿಯರಿನಲ್ಲಿ ಒಂದು ಚೀಲ ಇದ್ದೇ ಇರುತ್ತಿತ್ತು. ನನ್ನ ಮೇಜಿನ ಕೆಳಗೆ ತಳ್ಳಿ, "ಅಮ್ಮಾವ್ರಿಗೆ ಕೊಡಿ, ಸೊಗಡು ಚೆನ್ನಾಗಿದೆ" ಎಂದು ಹೋಗಿಬಿಡುವರು. ಥ್ಯಾಂಕ್ಸ್ ಅಂದರೆ ಕಿವಿ ಕೇಳಿಸದವರಂತೆ ನಡೆಯುವರು.

ಅಧಿಕಾರಿಗಳ ಮನೆಯ ಹೊಲಿಗೆ ಯಂತ್ರ, ಗಡಿಯಾರ, ಬಾಗಿಲ ಬೀಗ ಎಲ್ಲವೂ ಅವರ ಕೋಣೆಗೇ ಬರುತ್ತಿದ್ದವು. ಒಂದು ಸಲ ಹೊಲಿಗೆ ಯಂತ್ರದ ಬಾಬಿನ್ ಇಡುವ ಜಾಗಕ್ಕೂ ಕಿರುಬೆರಳು ತೂರಿಸುತ್ತಿದ್ದದ್ದನ್ನು ನೋಡಿ ಗಾರ್ಡ್ ಅಂತೋಣಿ ಬಿದ್ದು ಬಿದ್ದು ನಕ್ಕ. "ಉಸ್ತಾದ್, ಅದ್ರಲ್ಲಿ ಗುಂಡಿರಲ್ಲ!" ಅವರು ತಲೆಯೆತ್ತದೆ, "ನಿನ್ ತಲೇಲೂ ಏನೂ ಇರಲ್ಲ ಅಂತ ನಂಗೊತ್ತು. ಆದ್ರೂ ಆಗಾಗ ನೋಡ್ತಿರ್ತೀನಿ" ಅಂದರು.

ಅಂತೋಣಿ ವೈಟ್‌ಫೀಲ್ಡಿನವನು. ಮೂವತ್ತರ ಆಸುಪಾಸು, ದೊಡ್ಡ ನಗು, ಭಾನುವಾರ ಚರ್ಚಿನಲ್ಲಿ ಗಿಟಾರ್ ನುಡಿಸುತ್ತಿದ್ದ. ಇಬ್ಬರೂ ದಿನಾ ಮಧ್ಯಾಹ್ನ ಒಟ್ಟಿಗೆ ಉಣ್ಣುತ್ತಿದ್ದರು. ಇವರ ಮುದ್ದೆ ಅವನ ತಟ್ಟೆಗೆ, ಅವನ ಮೀನುಸಾರು ಇವರ ತಟ್ಟೆಗೆ.

ಆ ಕಾಲದಲ್ಲಿ ಸಂಬಳದ ಹಣವೆಲ್ಲ ವ್ಯಾನಿನಲ್ಲಿ ಬರುತ್ತಿತ್ತು. ಇನ್ನೊಂದು ಕಾರ್ಖಾನೆಯ ವ್ಯಾನಿನ ಮೇಲೆ ದಾಳಿಯಾಯಿತೆಂದು ಸುದ್ದಿ ಬಂದದ್ದೇ ತಡ, ನಮ್ಮ ಭದ್ರತಾಧಿಕಾರಿ ಕ್ಯಾಪ್ಟನ್ ಸಾಹೇಬರು ಆರು ಹೊಸ ರಿವಾಲ್ವರ್ ತರಿಸಿದರು. ಅವುಗಳ ಹಿಂದೆಯೇ ಒಂದು ಬೇರೆ ಥರದ ಗುಂಡೂ ಬಂತು. ಉದ್ದ ಅಷ್ಟೇ, ದಪ್ಪ ಅಷ್ಟೇ, ಅದೇ ಹಿತ್ತಾಳೆ ಬಣ್ಣ. ಆದರೆ ಒಳಗಿನ ಮದ್ದಿನ ಒತ್ತಡ ಹೆಚ್ಚು. ಹೊಡೆತವೂ ಹೆಚ್ಚು. ಮುನಿವೆಂಕಟಪ್ಪನವರು ಅದಕ್ಕೆ ಜೋರು ಗುಂಡು ಎಂದು ಹೆಸರಿಟ್ಟರು. ಪೆಟ್ಟಿಗೆ ಬಿಚ್ಚಿದ ದಿನವೇ ಸಾಹೇಬರ ಮುಂದೆ ಹೋಗಿ ನಿಂತರು. ಬಾಗಿಲು ತೆರೆದೇ ಇತ್ತು, ನನಗೆಲ್ಲ ಕೇಳಿಸುತ್ತಿತ್ತು.

"ಹೊಸ ಗನ್ನು ಮುನಿವೆಂಕಟಪ್ಪ, ಹೊಸ ಸ್ಟೀಲು. ಈ ಗುಂಡನ್ನ ತಡ್ಕೊಳತ್ತೆ" ಎಂದರು ಸಾಹೇಬರು.

"ತಡೀತದೆ ಸಾ. ತಡ್ಯಲ್ಲ ಅಂತ ನಾನೆಲ್ಲಿ ಏಳ್ದೆ? ದಿನಾ ತಡೀಬೇಕಾ ಅಂತ ಕೇಳ್ತಾ ಇವ್ನಿ. ಪ್ರಾಕ್ಟೀಸ್ಗೂ ಇದೇ ಆಕಿದ್ರೆ ಬೇಗ ಸಡ್ಲ ಬೀಳ್ತವೆ."

"ಪ್ರಾಕ್ಟೀಸಿಗೆ ಮಾಮೂಲಿ ಗುಂಡೇ ಇರಲಿ. ಡ್ಯೂಟಿಗೆ ಮಾತ್ರ ಇದು. ಸರಿನಾ?"

"ಸರಿ ಸಾ. ಆದ್ರೆ ಆ ಎರಡು ಅಳೇ ರಿವಾಲ್ವರ್ ಅವಲ್ಲ, ಬ್ರಿಟಿಷ್ನೋರ ಕಾಲದವು, ಅವ್ನ ಇಲ್ಲಿಂದ ತೆಗೀರಿ. ಒಂದರ ಉರುಳೇಲಿ ಕೂದಲೆಳೆಯಂಗೆ ಗೆರೆ ಬಿದ್ದದೆ. ಜೋರು ಗುಂಡು ಅದ್ರಲ್ಲೂ ಸಲೀಸಾಗಿ ಕೂರ್ತದೆ ಸಾ. ಕೂರಬಾರ್ದು ಅಂತ ಗುಂಡಿಗೆ ಗೊತ್ತಾಗ್ತದಾ?"

ಸಾಹೇಬರು ಕೆಟ್ಟವರಲ್ಲ. ಆ ಎರಡನ್ನು ರದ್ದು ಮಾಡಲು ಪತ್ರ ಹೇಳಿದರು, ನಾನೇ ಟೈಪ್ ಮಾಡಿದೆ. ಹೆಡ್ ಆಫೀಸಿನಿಂದ ಉತ್ತರ ಬರಲಿಲ್ಲ. ಇನ್ನೊಂದು ಪತ್ರ ಹೋಯಿತು. ಅದಕ್ಕೂ ಬರಲಿಲ್ಲ. ಅಲ್ಲಿಯವರೆಗೆ ಹಳೆಯವು ತಾಲೀಮಿಗೆ, ಹೊಸವು ಡ್ಯೂಟಿಗೆ ಎಂದಾಯಿತು.

ನನಗೆ ಈ ಒತ್ತಡದ ವಿಷಯ ಅರ್ಥವಾಗಿರಲಿಲ್ಲ. ಅವರೇ ಬಿಡಿಸಿ ಹೇಳಿದರು. "ನಿಮ್ಮನೇಗೆ ಕುಕ್ಕರ್ ಬಂದದಲ್ಲ? ಅದ್ರ ವೆಯ್ಟ್ ಮೇಲೆ ಇನ್ನೊಂದು ವೆಯ್ಟ್ ಇಟ್ಟು ಬೆಂಕಿ ಜೋರು ಮಾಡಿ. ಒಸಾ ಕುಕ್ಕರ್ ಆದ್ರೆ ಒಂದಿನ ತಡ್ಕೊಂಡೀತು. ನಿಮ್ಮಜ್ಜಿ ಕಾಲದ್ದಾದ್ರೆ? ಅಡುಗೆಮನೇಲಿ ಇರೋರು ಯಾರು ಅಂತ ಅದು ಕೇಳಲ್ಲ."

ಮರುದಿನ ನಾಚಿಕೊಂಡು ಬಂದು, "ಉಗುರಿಗೆ ಅಚ್ಚೋ ಬಣ್ಣ ಇದ್ರೆ ಒಂದು ಸೀಸೆ ಕೊಡ್ತೀರಾ?" ಎಂದು ಕೇಳಿದರು. ಕೆಂಪು ನೇಲ್ ಪಾಲಿಶ್ ತಂದುಕೊಟ್ಟೆ. ಕೂತು, ಒಂದೊಂದು ಜೋರು ಗುಂಡಿನ ಬುಡಕ್ಕೂ ಬೊಟ್ಟಿಟ್ಟರು. ಅಂತೋಣಿ ಅದನ್ನು ನೋಡಿ, "ಉಸ್ತಾದ್ ಗುಂಡಿಗೆಲ್ಲ ಕುಂಕುಮ ಇಟ್ಟು ಮದುವೆ ಮಾಡ್ತವ್ರೆ" ಎಂದು ಊರೆಲ್ಲ ಹೇಳಿಕೊಂಡು ಬಂದ.

ಅದಾಗಿ ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಚಹಾ ಲೋಟ ಕೊಡಲು ಕೈ ಚಾಚಿದರೆ, ಅವರ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

"ಬಲಗಣ್ಣಲ್ಲಿ ಮಂಜು ಕವಿದಂಗೈತೆ ಅಮ್ಮಣ್ಣಿ. ಎಡಗಣ್ಣೂ ಅಷ್ಟಕ್ಕಷ್ಟೆ" ಎಂದರು ಮೆಲ್ಲಗೆ.

"ಆಪರೇಷನ್ ಮಾಡಿಸ್ಕೊಳ್ಳಿ."

"ಮಾಡಿಸ್ತೀನಿ. ಈಗ ಅಲ್ಲ. ಮುಂದಿನ ವಾರ ಮೆಡಿಕಲ್ ಅದೆ. ಅದ್ರಲ್ಲಿ ಫೇಲಾದ್ರೆ ಅವತ್ತೇ ಮನೆಗೆ. ನಾನೋದ್ರೆ ಸ್ಟೋರಿನ ಗುಮಾಸ್ತನ್ನ ಇಲ್ಲಿ ಕೂರಿಸ್ತಾರೆ. ಅವ್ನಿಗೆ ಎರಡೂ ಗುಂಡು ಒಂದೇ. ಆ ಅಳೇವೆರಡು ಇಲ್ಲಿಂದ ಓಗೋಗಂಟ ನಾನಿರ್ಬೇಕು."

ಅವರು ಯಾರಿಗೂ ಹೇಳಬೇಡಿ ಎಂದಷ್ಟೇ ಕೇಳಿದ್ದು. ಮುಂದಿನದನ್ನು ಮಾಡಿದ್ದು ನಾನು. ಫೈಲು ಕೊಡುವ ನೆಪದಲ್ಲಿ ಕಾರ್ಖಾನೆಯ ಆಸ್ಪತ್ರೆಗೆ ಹೋಗಿ, ಕಣ್ಣು ಪರೀಕ್ಷೆಗೆಂದು ಗೋಡೆಗೆ ಹಾಕಿದ್ದ ಅಕ್ಷರಗಳನ್ನು ಸಾಲುಸಾಲಾಗಿ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಬಂದೆ. ಮೂರು ದಿನ ಊಟದ ಹೊತ್ತಿನಲ್ಲಿ ತಂತಿಬಲೆಯ ಈಚೆಯಿಂದ ನಾನು ಹೇಳುವುದು, ಆಚೆಯಿಂದ ಅವರು ಒಪ್ಪಿಸುವುದು. ತಪ್ಪಿದಾಗ ನಾಲಿಗೆ ಕಚ್ಚಿಕೊಳ್ಳುವರು. ಮೆಡಿಕಲ್ ಪಾಸಾಯಿತು. ಆ ಸಂಜೆ ನಾನು ಎಂಥ ಉಪಕಾರ ಮಾಡಿದೆ ಎಂದು ಹಿಗ್ಗಿಕೊಂಡು ಮನೆಗೆ ಹೋದೆ.

ಎರಡು ತಿಂಗಳ ಮೇಲೆ ಕಲ್ಲು ಕ್ವಾರಿಯ ಹಳ್ಳದಲ್ಲಿ ಗಾರ್ಡುಗಳ ತಾಲೀಮು. ಡ್ಯೂಟಿಯ ಗುಂಡುಗಳನ್ನು ದಿನಾ ತುಂಬಿ, ದಿನಾ ತೆಗೆದು, ಕೆಲವುಗಳ ಕೆಂಪು ಬೊಟ್ಟು ಸವೆದು ಅಂಚಿನಲ್ಲಿ ಒಂದು ಎಳೆಯಷ್ಟೇ ಉಳಿದಿತ್ತು. ಅಂಥವು ಮೂರೋ ನಾಲ್ಕೋ ಮಾಮೂಲಿ ಗುಂಡಿನ ಡಬ್ಬಿಗೆ ಸೇರಿದ್ದವು. ಕಣ್ಣಿದ್ದವರಿಗೆ ಕಾಣುತ್ತಿತ್ತು. ಅವರು ಅಭ್ಯಾಸದಂತೆ ಹಳೆಯ ರಿವಾಲ್ವರಿನ ಆರೂ ತೂತುಗಳನ್ನು ಬೆರಳಿನಿಂದ ತಡವಿದರು, ಗುಂಡು ತುಂಬಿದರು, ಅಂತೋಣಿಯ ಕೈಗೆ ಕೊಟ್ಟರು. ಅದು ಗೆರೆ ಬಿದ್ದಿದ್ದ ರಿವಾಲ್ವರ್.

ಎರಡು ಗುಂಡು ಸರಿಯಾಗಿ ಹೋದವು. ಮೂರನೆಯದಕ್ಕೆ ಉರುಳೆ ಸೀಳಿತು. ಅಂತೋಣಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಹೋದವು. ಜೀವ ಉಳಿಯಿತು. ಆಸ್ಪತ್ರೆಗೆ ಒಯ್ಯುವ ಜೀಪಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುನಿವೆಂಕಟಪ್ಪನವರು ದಾರಿಯುದ್ದಕ್ಕೂ ಕೂತಿದ್ದರಂತೆ.

ವಿಚಾರಣೆಯ ದಿನ ಟಿಪ್ಪಣಿ ತೆಗೆದುಕೊಳ್ಳಲು ನಾನೇ ಕೂತಿದ್ದೆ. ಕ್ಯಾಪ್ಟನ್ ಸಾಹೇಬರೂ ಸೇರಿ ಮೂವರು ಅಧಿಕಾರಿಗಳಿದ್ದರು. ಹಳೆಯ ರಿವಾಲ್ವರ್ ರದ್ದು ಮಾಡಿ ಎಂದು ಬರೆದ ಎರಡೂ ಪತ್ರಗಳು ಮೇಜಿನ ಮೇಲಿದ್ದವು. ಕ್ಯಾಪ್ಟನ್ ಸಾಹೇಬರು ಅವುಗಳನ್ನು ಮುಂದೆ ಸರಿಸಿ, "ಗನ್ನು ಹಳೇದು, ಬಿರುಕು ಬಿಟ್ಟಿತ್ತು. ಇವರು ಮೊದಲೇ ಎಚ್ಚರಿಸಿದ್ರು. ಇವರ ತಪ್ಪೇನಿಲ್ಲ" ಎಂದರು. ಉಳಿದವರು ತಲೆಯಾಡಿಸಿದರು. ಅಲ್ಲಿಗೆ ಮುಗಿಯುತ್ತಿತ್ತು.

ಮುನಿವೆಂಕಟಪ್ಪನವರು ಎದ್ದು ನಿಂತರು.

"ಗನ್ನು ಅಳೇದು, ನಿಜ ಸಾ. ಆದ್ರೆ ಅದ್ಕೆ ಜೋರು ಗುಂಡು ಆಕಿದ್ದು ನಾನು. ನಂಗೆ ಕಣ್ಣು ಕಾಣಲ್ಲ."

"ಮೆಡಿಕಲ್‌ನಲ್ಲಿ ಪಾಸಾಗಿದೀರಲ್ರೀ?" ಎಂದರು ಒಬ್ಬ ಅಧಿಕಾರಿ.

"ಬಾಯ್‌ಪಾಠ ಮಾಡಿದ್ದೆ ಸಾ."

"ನಿಮಗೆ ಅದನ್ನ ಹೇಳ್ಕೊಟ್ಟೋರು ಯಾರು?"

ನನ್ನ ಪೆನ್ಸಿಲು ನಿಂತಿತು. ಅವರು ನನ್ನ ಕಡೆ ತಿರುಗಲೂ ಇಲ್ಲ. "ಯಾರೂ ಇಲ್ಲ ಸಾ. ಲೈನಲ್ಲಿ ಕಾಯ್ತಾ ನಿಂತಿದ್ನಲ್ಲ, ಮುಂದಿದ್ದೋರು ಓದೋದ ಕೇಳ್ಕಂಡು ಕಲ್ತೆ."

ನಾನು ಬಾಯಿ ಬಿಡಬಹುದಿತ್ತು. ನನ್ನನ್ನು ಬಿಟ್ಟರೆ ನಾಲ್ಕೇ ಜನರಿದ್ದ ಕೋಣೆ. ಎರಡೇ ಮಾತು ಸಾಕಿತ್ತು. ಬಿಡಲಿಲ್ಲ. ಆ ಸುಳ್ಳನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆ. ಸಂಜೆ ಕಾರ್ಬನ್ ಹಾಕಿ ನಾಲ್ಕು ಪ್ರತಿ ಟೈಪ್ ಮಾಡಿದೆ. ಒಂದೂ ತಪ್ಪಿಲ್ಲದೆ.

ಅವರನ್ನು ಕೆಲಸದಿಂದ ತೆಗೆದರು. ಕೋಣೆಯ ಕೀಲಿಕೈ ಸ್ಟೋರಿನ ಗುಮಾಸ್ತನಿಗೆ ಹೋಯಿತು. ಹಳೆಯ ಇನ್ನೊಂದು ರಿವಾಲ್ವರನ್ನು ಹೆಡ್ ಆಫೀಸಿನವರು ಎಂಟು ದಿನದೊಳಗೆ ಬಂದು ಒಯ್ದರು.

ಒಂದು ಭಾನುವಾರ ಧೈರ್ಯ ಮಾಡಿ ಪಟ್ಟಂದೂರು ಅಗ್ರಹಾರಕ್ಕೆ ಹೋದೆ. ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದರು. ಕಲ್ಲನ್ನು ಬೆರಳಲ್ಲೇ ಹುಡುಕಿ ತೆಗೆಯುತ್ತಿದ್ದರು. ಆಪರೇಷನ್ ಆಯಿತೇ ಎಂದರೆ, "ಇನ್ನೇನು ನೋಡ್ಬೇಕು" ಎಂದರು.

"ನಾಳೆ ಸಾಹೇಬರ ಹತ್ರ ಹೋಗಿ ಎಲ್ಲ ಹೇಳ್ಬಿಡ್ತೀನಿ" ಎಂದೆ.

"ಸಾಹೇಬ್ರಿಗೆ ಏಳಿ ಏನಾಗ್ಬೇಕು? ನಿಮ್ಮ ಕೆಲ್ಸ ಓಯ್ತದೆ, ಅಷ್ಟೆ." ಮೊರವನ್ನು ಕೆಳಗಿಟ್ಟರು. "ಏಳ್ಬೇಕು ಅನ್ನಿಸಿದ್ರೆ ಅಂತೋಣಿಗೆ ಏಳಿ. ಗಿಟಾರ್ ಓಗಿದ್ದು ಅವಂದು."

ಸಮಾಧಾನದ ಮಾತು ಹೇಳುತ್ತಾರೆಂದು ಹೋಗಿದ್ದೆ. ಅವರು ಹೇಳಲಿಲ್ಲ. ಬೈಯಲೂ ಇಲ್ಲ. ಬಸ್ಸಿನವರೆಗೆ ಜೊತೆಗೆ ನಡೆದು ಬಂದರು. ಹಳ್ಳ ಬಂದ ಕಡೆ ನನ್ನ ಮೊಣಕೈ ಹಿಡಿದುಕೊಂಡರು. ನನ್ನನ್ನು ದಾಟಿಸಲಿಕ್ಕಲ್ಲ, ತಾವು ದಾಟಲಿಕ್ಕೆ. ಅದೇ ಕೊನೆಯ ಭೇಟಿ.

ಅಂತೋಣಿಯ ಮನೆಗೆ ನಾನು ಹೋಗಲಿಲ್ಲ. ಈ ವಾರ, ಮುಂದಿನ ವಾರ ಎನ್ನುತ್ತಾ ಎರಡು ವರ್ಷವಾಯಿತು. ನನ್ನ ಮದುವೆಯೂ ಆಯಿತು. ಒಂದು ಬೆಳಿಗ್ಗೆ ಗೇಟಿನಲ್ಲಿ ಗಾರ್ಡೊಬ್ಬ, "ಮೇಡಂ, ನಮ್ಮ ಉಸ್ತಾದ್ ಹೋಗ್ಬಿಟ್ರಂತೆ. ಮೂರು ದಿನ ಆಯ್ತಂತೆ" ಎಂದ. ಮಣ್ಣಿಗೂ ನಾನಿರಲಿಲ್ಲ.

ಅವತ್ತೇ ಸಂಜೆ ವೈಟ್‌ಫೀಲ್ಡಿಗೆ ಹೋದೆ. ಅಂತೋಣಿ ಈಗ ಕಾರ್ಖಾನೆಯ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೆಲಸದಲ್ಲಿದ್ದ. ಮನೆಯ ಮುಂದೆ ಕುರ್ಚಿ ಹಾಕಿಕೊಟ್ಟ. ನಾನು ಕೂರಲಿಲ್ಲ. ಅಕ್ಷರದ ಸಾಲು ಬರೆದು ತಂದದ್ದು, ಬಾಯ್‌ಪಾಠ ಮಾಡಿಸಿದ್ದು, ವಿಚಾರಣೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದು, ಎಲ್ಲವನ್ನೂ ನಿಂತೇ ಒಂದೇ ಉಸಿರಿಗೆ ಹೇಳಿದೆ. ಅವನು ನೆಲ ನೋಡುತ್ತಾ ಕೇಳಿಸಿಕೊಂಡ.

"ಉಸ್ತಾದ್ ಪ್ರತಿ ಭಾನುವಾರ ಬರ್ತಿದ್ರು ಮೇಡಂ" ಎಂದ ಕೊನೆಗೆ. "ಎಡಗೈಯಲ್ಲಿ ಗುಂಡಿ ಹಾಕ್ಕೊಳ್ಳೋದು, ಶೂ ಕಟ್ಟೋದು, ಎಲ್ಲ ಅವರೇ ಕಲಿಸಿದ್ದು. ಒಂದ್ಸಲ ಹೇಳಿದ್ರು, ಅಂತೋಣಿ, ನಿನ್ನ ಹುಡುಕ್ಕೊಂಡು ಒಬ್ರು ಬರ್ತಾರೆ, ಏನೋ ಹೇಳ್ತಾರೆ, ಬೈಬೇಡ ಅಂತ. ಯಾರು ಅಂದ್ರೆ ಹೇಳ್ಲಿಲ್ಲ. ಆಮೇಲೆ ಬಂದಾಗೆಲ್ಲ ಬಾಗಿಲಲ್ಲೇ ನಿಂತು ಕೇಳೋರು, ಬಂದಿದ್ರಾ ಅಂತ. ಇಲ್ಲ ಅಂದ್ರೆ, ಬರ್ತಾರೆ ಬಿಡು ಅನ್ನೋರು. ಹೋದ ವಾರಾನೂ ಕೇಳಿದ್ರು."

ಒಳಗಿನಿಂದ ಅವನ ಹೆಂಡತಿ ಕಾಫಿ ತಂದಳು. ಅಂತೋಣಿ ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ಚೆಲ್ಲದಂತೆ ನಿಧಾನವಾಗಿ ನನ್ನ ಕಡೆ ಚಾಚಿದ.

"ಕೂತ್ಕೊಳ್ಳಿ ಮೇಡಂ. ಕುಡೀರಿ."

ಕೂತೆ.