ಒಂದೇ ಮಾತಿನ ಹಾಡುಗಳು

ಬೆಟಗೇರಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಕಾಕಾ ಒಬ್ಬರಿದ್ದರು. ಅವರ ಅಂಗಡಿಯಲ್ಲಿ ಕೂತು ನಾನು ಯಾವ ವಾದ ಹೂಡಿದರೂ ತಮ್ಮ ಹೆಡ್‌ಫೋನ್ ತೆಗೆದು ಚಾಚುತ್ತಿದ್ದರು: "ಖರೆ ಐತಿ ತಮ್ಮಾ. ಆದ್ರ ಮೊದ್ಲ ಕೇಳು."

ಒಮ್ಮೆ ಯಳವತ್ತಿಯ ಹೆಂಗಸೊಬ್ಬರು ಕೆಡುತ್ತಿದ್ದ ಫೋನ್ ತಂದರು. ತೀರಿಹೋದ ಗಂಡ ಕಳಿಸಿದ್ದ ಧ್ವನಿ ಸಂದೇಶಗಳೆಲ್ಲ ಅದರಲ್ಲೇ ಇದ್ದವು. ಕಾಕಾ ಅವನ್ನು ಹಾಡು ಜೋಡಿಸಿಡುವ ತಂತ್ರಾಂಶಕ್ಕೆ ಇಳಿಸಿದರು.

"ಗಾಯಕರ ಹೆಸರೇನ್ ಬರೀಲಿ ಅಕ್ಕಾರ?"

ಆಕೆ ಗಂಡನ ಹೆಸರು ಹೇಳದೆ ಸೆರಗು ಸರಿಮಾಡಿಕೊಂಡರು. ಇವರು "ನಮ್ಮನಿಯವ್ರು" ಎಂದೇ ಬರೆದರು.

ಕೇಳಿದರೆ ಎಲ್ಲದರಲ್ಲೂ ಒಂದೇ ಮಾತು: "ಬಸ್ ಹತ್ತೀನಿ, ಅನ್ನಕ್ಕಿಡು."

"ಎಲ್ಲಾ ಒಂದ ಅದಾವ ಕಾಕಾ," ಎಂದೆ. "ಒಂದಿಟ್ಟು ಉಳಿದದ್ದು ಅಳಿಸಿಬಿಡ್ರಿ. ಜಾಗಾ ಯಾಕ ಹಾಳು?"

ಈ ಸಲ ಹೆಡ್‌ಫೋನ್ ಆಕೆಯ ಕೈಗೆ ಹೋಯಿತು. ಆಕೆ ಕಣ್ಣು ಮುಚ್ಚಿ ಕೇಳತೊಡಗಿದರು.

"ಇದು ಕೆಮ್ಮು ಹತ್ತೋಕಿಂತ ಮೊದ್ಲಿಂದ್ರಿ ಅಣ್ಣಾರ... ಇದು ಸಿಟ್ಟಿನಾಗಿಂದು... ಇದು ಜಗಳಾಡಿದ ಮರುದಿನದ್ದು. ಎಷ್ಟ್ ಮೆತ್ತಗ ಅಂದಾರ ನೋಡ್ರಿ."

ಆಕೆ ಹೇಳಿದ್ದನ್ನೇ ಇವರು ಒಂದೊಂದಕ್ಕೂ ಶೀರ್ಷಿಕೆಯಾಗಿ ಬರೆಯುತ್ತ ಹೋದರು. ಪಟ್ಟಿ ಮುಗಿದ ಮೇಲೆ ಪರದೆಯನ್ನು ನನ್ನತ್ತ ತಿರುಗಿಸಿದರು.

"ಈಗ ಹೇಳು ತಮ್ಮಾ, ಯಾವ್ದು ಅಳಸ್ಲಿ?"

ಆಕೆಯೂ ನನ್ನನ್ನೇ ನೋಡುತ್ತಿದ್ದರು.