ಅಕ್ಕನ ವ್ಯಾನಿನ ಗ್ಯಾರಂಟಿ

ಉಮ್ಮತ್ತೂರಿನ ನಮ್ಮಕ್ಕ ದೊಡ್ಡಮಲ್ಲಮ್ಮನಿಗೆ ಯಾರಾದರೂ ಬೇಡ ಅಂದರೆ ಆ ಕೆಲಸ ಆಯಿತೆಂದೇ ತಿಳಿಯಬೇಕು. ಭಾವ ತೀರಿಕೊಂಡ ಮೇಲೆ ಮನೆಮನೆ ತಿರುಗಿ ರೇಷ್ಮೆಗೂಡು ಕೊಂಡು ಚಾಮರಾಜನಗರದಲ್ಲಿ ಮಾರುವ ವ್ಯಾಪಾರ ಹಿಡಿದಾಗಲೂ ನೆಂಟರೆಲ್ಲ ಬೇಡ ಅಂದಿದ್ದರು.

ಐವತ್ತಾರನೇ ಇಸವಿಯಲ್ಲಿ ಹೊಸ ವ್ಯಾನು ಕೊಂಡಳು. ಒಂದು ವರ್ಷ ಗ್ಯಾರಂಟಿ, ಆದರೆ ಹೊರಗಿನದೇನನ್ನೂ ಗಾಡಿಗೆ ಸೇರಿಸಬಾರದು, ಮಿತಿ ಮೀರಿ ಹೇರಬಾರದು ಎಂದು ಕಂಪನಿಯವರು ಹೇಳಿ ಕಳಿಸಿದರು. ಅಕ್ಕ ತಲೆಯಾಡಿಸಿ ಬಂದವಳು ಮಾರನೆಯ ವಾರವೇ ಕುಲುಮೆ ನಂಜಯ್ಯನಿಂದ ವ್ಯಾನಿನ ನೆತ್ತಿಗೆ ಸೊಂಟದೆತ್ತರದ ಕಬ್ಬಿಣದ ಕ್ಯಾರಿಯರ್ ಹಾಕಿಸಿದಳು. ಗೂಡಿಗೆ ಜಾಗ ಬೇಕು, ತೂಕ ಎಲ್ಲಿದೆ ಎಂಬುದು ಅವಳ ವಾದ.

ಏಳನೇ ತಿಂಗಳಲ್ಲಿ ಹಿಂದಿನ ಆಕ್ಸಲ್ ಮುರಿದು ವ್ಯಾನು ಕೂತುಬಿಟ್ಟಿತು. ಗ್ಯಾರಂಟಿ ಉಳಿದರೆ ಹೊಸ ಆಕ್ಸಲ್ ಪುಕ್ಕಟೆ, ಇಲ್ಲದಿದ್ದರೆ ಮನೆಯ ಜೋಡಿ ಎತ್ತು ಮಾರಬೇಕು. ಮೈಸೂರಿನಿಂದ ಬಂದ ಕಂಪನಿಯ ಮನುಷ್ಯ ಕೆಳಗೆ ಬಗ್ಗಿ ನೋಡುವ ಮೊದಲೇ ಮೇಲಿನ ಕ್ಯಾರಿಯರ್ ನೋಡಿ, ಗ್ಯಾರಂಟಿ ಹೋಯಿತು ಎಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಅಕ್ಕ ಡ್ರೈವರ್ ರಂಗನಾಯಕನಿಗೆ ಹೇಳಿ ಗೂಡು ತುಂಬಿದ ಒಂದು ಚೀಲ ತರಿಸಿ ಆ ಮನುಷ್ಯನ ಕೈಗಿತ್ತಳು. ಭಾರವೆಂದು ಕಾಲೂರಿ ನಿಂತಿದ್ದವನು ಅದನ್ನು ಕೂಸಿನಂತೆ ಎತ್ತಿಕೊಂಡು ಪೆಚ್ಚಾದ. ನ್ಯಾಯವಂತ. ಕ್ಯಾರಿಯರ್ ತುಂಬ ಇಂಥವೇ ಹೇರಿದರೂ ಆಕ್ಸಲ್ ಮುರಿಯುವುದಿಲ್ಲ, ಹೊಸದು ಕಳಿಸಲು ಬರೆಯುತ್ತೇನೆ ಎಂದು ಪೆನ್ನು ತೆಗೆದ. ಬರೆಯುತ್ತಲೇ, ವಾಪಸು ಬರುವಾಗ ಗಾಡಿ ಖಾಲಿ ಬರುತ್ತದಲ್ಲವೇ ಎಂದು ಕೇಳಿದ.

ರಂಗನಾಯಕ ನೆಲ ನೋಡಿದ. ಹೂಂ ಅನ್ನು ಎಂದು ನಾನು ಅಕ್ಕನಿಗೆ ಕಣ್ಸನ್ನೆ ಮಾಡಿದೆ.

"ಖಾಲಿ ಯಾಕ್ ಬಂದದು ಸಾಮಿ? ಆಸ್ಪತ್ರೆಗ್ ಓದೋರು, ಸಂತೆಗ್ ಓದೋರು ಎಲ್ರೂ ಬತ್ತಾರ. ಒಳಗ ಇಡ್ಸ್ದಷ್ಟು ಜನ, ಮಿಕ್ಕೋರು ಮೇಲ," ಎಂದುಬಿಟ್ಟಳು ಅಕ್ಕ.

"ಅಮ್ಮಾ, ಅದೇ ಲೋಡು," ಎಂದ ಅವನು.

"ಜನನ ಯಾರಾರ ಲೋಡು ಅಂದರಾ?" ಅಕ್ಕನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಅವನು ಪೆನ್ನು ಮುಚ್ಚಿ ಜೇಬಿಗಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಪ್ಪು ಅವನದಲ್ಲ. ಒಂದು ಹೂಂ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ನಾನು ಅಕ್ಕನ ಮೇಲೇ ಹರಿಹಾಯ್ದೆ. ಸಂತೆಗೆ ಹೋದ ಮುದುಕಿಯರು ನಡೆದೇ ಬರಬೇಕಾಗಿರುವ ಈ ಹೊತ್ತಿನಲ್ಲಿ ನಿನಗೆ ಗ್ಯಾರಂಟಿಯ ಚಿಂತೆಯೇ ಎಂದು ಅವಳು ನನ್ನನ್ನೇ ಬೈದಳು.

ಎತ್ತು ಮಾರಿದ್ದಾಯಿತು. ಹೊಸ ಆಕ್ಸಲ್ ಕೂತ ದಿನ ಅಕ್ಕ ನಂಜಯ್ಯನನ್ನು ಕರೆಸಿ, ಹಿಂದಿನ ಸ್ಪ್ರಿಂಗು ಗಟ್ಟಿಯಾಗಲೆಂದು ಅದಕ್ಕೆ ಇನ್ನೊಂದು ಪಟ್ಟಿ ಸೇರಿಸಲು ಹೇಳಿದಳು. ಕಂಪನಿಯವರು ಏನಂದಾರೋ ಎಂದು ನಂಜಯ್ಯ ಹಿಂಜರಿದ.

"ಗ್ಯಾರಂಟಿ ಓಯ್ತಲ್ಲ, ಇನ್ಯಾರ ಅಪ್ಪಣೆ ಕೇಳ್ಬೇಕು? ಮುದುಕೀರು ಮೇಲ ಅತ್ತಾಕೆ ಒಂದು ಏಣಿನೂ ಕೂರ್ಸ್ಬುಡು," ಎಂದಳು ಅಕ್ಕ.